ತುಟಿ ಆಡಿಸುವವಳ ಜೋಗುಳ

ನನಗೊಂದು ಚಟವಿದೆ. ಚಹಾ, ಅಡಕೆ, ಪಕ್ಕದ ಮನೆಯ ಖಬರು ಇವೆಲ್ಲ ಇದ್ದೇ ಇವೆ, ಅವನ್ನು ನಮ್ಮ ಮನೆಯಲ್ಲಿ ಚಟ ಎಂದು ಯಾರೂ ಎಣಿಸುವುದಿಲ್ಲ. ನಾನು ಹೇಳುತ್ತಿರುವುದು ಬೇರೆ. ಎಲ್ಲಿಯಾದರೂ ನಾಲ್ಕು ಜನ ಕೂಡಿ ಹಾಡತೊಡಗಿದರೆ ನನ್ನ ತುಟಿ ತಾನಾಗಿ ಅಲ್ಲಾಡುತ್ತದೆ. ಗುಡಿಯಲ್ಲಿ ಮಂಗಳಾರತಿಯಾಗಲಿ, ಮದುವೆಯಲ್ಲಿ ಅಕ್ಕಿಕಾಳು ಹಾಕುವ ಹೊತ್ತಾಗಲಿ, ಶಾಲೆಯ ಅಂಗಳದಲ್ಲಿ ಬಾವುಟ ಏರಿಸುವುದಾಗಲಿ, ಬಾಯಿ ಮಾತ್ರ ಸರಿಯಾಗಿ ತೆರೆದು ಮುಚ್ಚುತ್ತದೆ. ಶಬ್ದ ಬರುವುದಿಲ್ಲ. ನೀವೂ ಒಮ್ಮೆಯಾದರೂ ಮಾಡಿರುತ್ತೀರಿ, ಇಲ್ಲ ಅನ್ನಬೇಡಿ. ಆದರೆ ನೀವು ಮಾಡಿದ್ದು ಸಾಲು ಮರೆತಾಗ. ನನಗೆ ಸಾಲೆಲ್ಲ ಬರುತ್ತವೆ. ಮರೆತದ್ದು ಧ್ವನಿ.

ಮೊನ್ನೆ ನಮ್ಮ ಓಣಿಯ ಮದುವೆಯೊಂದರ ವಿಡಿಯೊ ನೋಡುತ್ತ ಕೂತಿದ್ದೆವು. ಕ್ಯಾಮೆರಾದವನು ಯಾಕೋ ಮದುಮಗಳನ್ನು ಬಿಟ್ಟು ನನ್ನ ಮೇಲೆ ಬಂದು ನಿಂತಿದ್ದಾನೆ. ನಾನು ಕಣ್ಣು ಅರೆಮುಚ್ಚಿ, ತಲೆ ತೂಗಿ, ಕೈಯಲ್ಲಿ ಸಣ್ಣಗೆ ತಾಳ ಹಾಕುತ್ತ ಇಡೀ ಮಂಟಪದ ಹಾಡನ್ನು ನಾನೊಬ್ಬಳೇ ಹೊತ್ತವಳಂತೆ ಕಾಣುತ್ತಿದ್ದೇನೆ. ನಮ್ಮ ಮನೆಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದರಾಗ ನೀ ಹಾಡಾಕತ್ತಿಯೋ, ಬರೇ ಬಾಯಿ ಆಡಸಾಕತ್ತಿಯೋ?" ಅಂದರು.

ಹೇಳುವುದಿಲ್ಲ ಅಂದೆ. ಅವರಿಗೆ ಹೇಳದಿದ್ದರೂ ನಿಮಗೆ ಹೇಳುತ್ತೇನೆ. ಇದು ಎಲ್ಲಿಂದ ಶುರುವಾಯಿತು ಎಂದರೆ ಲಕ್ಷ್ಮೇಶ್ವರದಿಂದ.

ಲಕ್ಷ್ಮೇಶ್ವರದಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅಪ್ಪ ಕರೆದರೆ ಪೇಟೆಯ ಆ ತುದಿಯಲ್ಲಿ ಚಹಾ ಕುಡಿಯುತ್ತಿದ್ದ ಹಮಾಲ ಕಪ್ಪು ಇಟ್ಟು ಓಡಿಬರುತ್ತಿದ್ದ. ಆ ಗಂಟಲು ಅಣ್ಣಂದಿರಿಗೆ ಬರಬೇಕಿತ್ತು. ಅವರಿಬ್ಬರದೂ ಹೂವಿನಂಥ ಧ್ವನಿ. ಅಪ್ಪನದು ನೆಟ್ಟಗೆ ನನಗೆ ಬಂತು. ಈಗಲೂ ಫೋನಿನಲ್ಲಿ ನಾನು ಹಲೋ ಅಂದರೆ ಆ ಕಡೆಯವರು "ಹೇಳ್ರಿ ಸಾಹೇಬ್ರ" ಅನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಗ್ಯಾಸಿನ ಅಂಗಡಿಯವನು ಸಾಹೇಬರಿಗೆ ಜಲ್ದಿ ಸಿಲಿಂಡರ್ ಕಳಿಸುತ್ತಾನೆ ಎಂದು ಗೊತ್ತಾದ ಮೇಲೆ ತಿದ್ದುವುದನ್ನು ಬಿಟ್ಟೆ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಪ್ರಾರ್ಥನೆ ಕಲಿಸುವ ಅಕ್ಕೋರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ಹಿಡಿದು ಬಂದರು. ನನ್ನ ಹತ್ತಿರ ಬಂದು ನಿಂತರು. ಮತ್ತೊಮ್ಮೆ ಹಾಡಿಸಿದರು. ಆಮೇಲೆ ನನ್ನ ಗಲ್ಲ ಹಿಡಿದು, "ನೀ ಬರೇ ಬಾಯಿ ಆಡಸವ್ವ, ಧ್ವನಿ ತಗೀಬ್ಯಾಡ. ಉಳದಾರ ಸೂರು ಕೆಡತೈತಿ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸಾಲು ಮುಗಿದ ಮೇಲೆ ಕರೆದು ಒಂದು ಪೇರಲಹಣ್ಣನ್ನೂ ಕೊಟ್ಟರು. ನಾನು ಹೇಳಿದ ಮಾತು ಕೇಳುವ ಹುಡುಗಿ. ಹಣ್ಣು ತಿಂದು ಮುಗಿಸುವುದರೊಳಗೆ ಬಾಯಿ ಆಡಿಸುವುದನ್ನು ಕಲಿತುಬಿಟ್ಟೆ. ಇನ್‌ಸ್ಪೆಕ್ಟರು ಬಂದ ದಿನ ಪ್ರಾರ್ಥನೆ ಮುಗಿದದ್ದೇ ನನ್ನ ಕಡೆ ಬೆರಳು ತೋರಿಸಿ, ಈ ಹುಡುಗಿಯಂತೆ ಮನಸ್ಸಿಟ್ಟು ಹಾಡಬೇಕು ಎಂದು ಎಲ್ಲರಿಗೂ ಹೇಳಿದರು. ನನಗೆ ಬಹಳ ಹೆಮ್ಮೆಯಾಯಿತು. ಆ ವಯಸ್ಸಿನಲ್ಲಿ ಬೈಸಿಕೊಂಡಿದ್ದರೆ ಮರೆಯುತ್ತಿದ್ದೆನೇನೋ, ಹೊಗಳಿಸಿಕೊಂಡದ್ದರಿಂದ ಮರೆಯಲಾಗಲಿಲ್ಲ.

ಮದುವೆಯಾಗಿ ಗದಗಿನ ಮಗ್ಗುಲ ಬೆಟಗೇರಿಗೆ ಬಂದೆ. ನಮ್ಮವರದು ನೂಲಿನ ಅಂಗಡಿ. ಮನೆಯಲ್ಲಿ ನಮ್ಮತ್ತೆ. ಅತ್ತೆಯ ಧ್ವನಿಯೋ, ರೊಟ್ಟಿ ಬಡಿಯುತ್ತ ಹಾಡಿದರೆ ಪಕ್ಕದ ಮನೆಯವರು ತಮ್ಮ ರೊಟ್ಟಿ ಸೀಯುವುದನ್ನು ಮರೆಯುತ್ತಿದ್ದರು. ಮಗಳು ಶೈಲಾ ಹುಟ್ಟಿದಾಗ ಒಂದು ಮಧ್ಯಾಹ್ನ, ಅತ್ತೆ ಹಿತ್ತಲಲ್ಲಿ ಶೇಂಗಾ ಒಣಹಾಕುತ್ತಿದ್ದಾರೆ ಎಂದು ನೋಡಿಕೊಂಡು, ತೊಟ್ಟಿಲು ತೂಗುತ್ತ ನಾನೇ ಒಂದು ಜೋಗುಳ ಶುರುಮಾಡಿದೆ. ಒಂದು ಸಾಲೂ ಮುಗಿದಿರಲಿಲ್ಲ. ಕೂಸು ಬೆಚ್ಚಿ ಚೀರಿತು. ಹಿತ್ತಲಿಂದ ಅತ್ತೆ, "ಬಿಡವ್ವ, ಕೂಸು ಅಂಜತೈತಿ, ನಾ ಬಂದೆ" ಎಂದು ಸೀರೆಗೆ ಕೈ ಒರೆಸಿಕೊಳ್ಳುತ್ತ ಓಡಿಬಂದರು. ಅಂದಿನಿಂದ ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಯಿತು. ಅತ್ತೆಯದು ಹಾಡು, ನನ್ನದು ಹಗ್ಗ. ಅತ್ತೆ ಇಲ್ಲದಾಗ ನಾನು ಬರೀ ಹಗ್ಗ ಎಳೆಯುತ್ತಿದ್ದೆ. ಶೈಲಾನ ನಂತರ ಮಗ ಹುಟ್ಟಿದಾಗಲೂ ಹಾಗೇ ನಡೆಯಿತು. ಇದರಲ್ಲಿ ಏನಾದರೂ ಕೊರತೆ ಇದೆ ಎಂದು ನನಗೆ ಅನ್ನಿಸಿರಲೇ ಇಲ್ಲ. ಕೂಸುಗಳು ನಿದ್ದೆ ಮಾಡಿದವು, ಬೆಳೆದವು. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಹಾಡು ರೇಡಿಯೊದ ಪಾಲಾಯಿತು.

ಇಂಥವಳು ಹೆಂಗಸರ ಹಾಡಿನ ಮೇಳಕ್ಕೆ ಹೋದದ್ದು ಹೇಗೆ ಎಂದು ಕೇಳುತ್ತೀರಿ. ಹೋದದ್ದಲ್ಲ, ಎಳೆದುಕೊಂಡು ಹೋದದ್ದು. ಎಳೆದವಳು ಜೈಬುನ್.

ಜೈಬುನ್ ನಮ್ಮ ಅಂಗಡಿಯ ನೂಲನ್ನು ಮನೆಗೆ ಒಯ್ದು, ಮಗ್ಗದ ಲಾಳಿಯಲ್ಲಿ ಕೂರುವ ಕಂಡಿಕೆಗೆ ಸುತ್ತಿಕೊಡುತ್ತಿದ್ದಳು. ಗಿರಣಿಯಂತೆ ಮಾತು, ನಡುನಡುವೆ ನಗೆ. ಗದಗ ಧಾರವಾಡದಿಂದ ಬೇರೆಯಾಗಿ ನಮ್ಮದೇ ಜಿಲ್ಲೆಯಾದ ಹೊಸತು ಅದು. ಒಂದು ದಿನ ಕಂಡಿಕೆಯ ಬುಟ್ಟಿ ಇಳಿಸಿ, "ಅಕ್ಕಾರ, ಗಿರಿಜಕ್ಕನ ಮನ್ಯಾಗ ಹೆಣ್ಮಕ್ಕಳು ಕೂಡಿ ಹಾಡ್ತಾರ. ಬರ್ರಿ, ನಾನೂ ಹೊಂಟೇನಿ" ಅಂದಳು. ನನಗೆ ಹಾಡು ಬರುವುದಿಲ್ಲ ಅಂದೆ. "ನನಗೂ ಬರಂಗಿಲ್ಲ. ಹಾಡು ಬರೂದು ಬ್ಯಾಡಂತ, ಹೆಣ್ಮಗಳು ಬಂದ್ರ ಸಾಕಂತ" ಅಂದಳು. ಕೇಳಿಕೊಂಡು ಬಂದರಾಯಿತು ಎಂದು ಹೊರಟೆ.

ಗಿರಿಜಕ್ಕ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಿಯಾದವರು. ಗಂಡ ತೀರಿಕೊಂಡ ಮೇಲೆ ಅವರಿಗೆ ಒಂದು ವಿಚಿತ್ರ ಅನುಭವವಾಗಿತ್ತಂತೆ. ಯಾರದೋ ಮನೆಯ ಮದುವೆಗೆ ಸೋಬಾನ ಹಾಡಲು ಕರೆದರು, ಹೋದರು, ಅರಿಶಿಣ ಹಚ್ಚುವ ಹೊತ್ತಿಗೆ ಒಬ್ಬರು ಮೆಲ್ಲಗೆ ಬಂದು, "ಅಕ್ಕಾರ, ನೀವು ಒಳಗ ಕುಂತು ಹಾಡ್ರಿ, ಧ್ವನಿ ಇಲ್ಲೀ ತನಕ ಬರತೈತಿ" ಅಂದರಂತೆ. ಗಿರಿಜಕ್ಕ ಅಡುಗೆಮನೆಯಲ್ಲಿ ಕೂತು ಹಾಡಿದರು. ಎಲ್ಲರೂ ಹೊಗಳಿದರು. ಮನೆಗೆ ಬಂದು ತಮ್ಮ ಮನೆಯ ಹಳೆಯ ಮಗ್ಗದ ಕೋಣೆಯ ಬೀಗ ತೆಗೆದು ಕಸ ಹೊಡೆದರು. ಮೇಳ ಹುಟ್ಟಿದ್ದು ಹಾಗೆ. ಅದನ್ನು ಅವರು ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಕಸ ಎಷ್ಟಿತ್ತು ಎಂಬುದನ್ನೇ ಹೆಚ್ಚು ಹೇಳುತ್ತಿದ್ದರು.

ಆ ಕೋಣೆಯ ನಡುವೆ ಮಗ್ಗದ ಕುಣಿ ಹಾಗೇ ಉಳಿದಿತ್ತು, ನೇಯುವವರು ಕಾಲು ಇಳಿಬಿಡುವ ತಗ್ಗು. ಗಿರಿಜಕ್ಕ ಅದರಲ್ಲಿ ಕಾಲು ಇಳಿಬಿಟ್ಟು, ದಂಡೆಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಕೂರುತ್ತಿದ್ದರು. ನಾವೆಲ್ಲ ಗೋಡೆಗುಂಟ ಸುತ್ತ ಒಂದೇ ಸಾಲು. ಹಿಂದಿನ ಸಾಲು, ಮುಂದಿನ ಸಾಲು ಎಂಬುದು ಅಲ್ಲಿ ಇರಲಿಲ್ಲ. ಡಾಕ್ಟರರ ಹೆಂಡತಿಯ ಪಕ್ಕ ರಸ್ತೆ ಗುಡಿಸುವ ಹುಲಿಗೆವ್ವ, ಅವಳ ಪಕ್ಕ ಜೈಬುನ್, ಜೈಬುನ್ನಳ ಪಕ್ಕ ನಾನು. ಯಾರ ಧ್ವನಿಯನ್ನೂ ಪರೀಕ್ಷೆ ಮಾಡುವಂತಿಲ್ಲ ಎಂಬುದು ಗಿರಿಜಕ್ಕನ ಒಂದೇ ಕಟ್ಟುನಿಟ್ಟು. ಕೇಳಲು ಬಂದವಳು ಎಂದು ಹೇಳಿಕೊಂಡು ಬೇರೆ ಕೂರೋಣವೆಂದರೆ ಕೇಳುವವರಿಗೆ ಜಾಗವೇ ಇರಲಿಲ್ಲ. ಸಾಲಿನಲ್ಲಿ ಕೂತೆ. ಹಾಡು ಶುರುವಾಯಿತು, ನನ್ನ ತುಟಿಯೂ ಶುರುವಾಯಿತು. ಹಾಗೆ ವರ್ಷವೇ ಕಳೆಯಿತು.

ಆ ಮಧ್ಯಾಹ್ನಗಳು ನನಗೆ ಎಷ್ಟು ಹಿತವಾಗಿದ್ದವು ಎಂದರೆ, ಅಂಗಡಿಗೆ ಬೀಗರು ಬಂದರೂ ಚಹಾ ಕೊಟ್ಟು ಓಡುತ್ತಿದ್ದೆ. ನಮ್ಮ ಮೇಳಕ್ಕೆ ಒಂದೇ ಒಂದು ಶತ್ರು, ನಳ. ಬೆಟಗೇರಿಯಲ್ಲಿ ನಳ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ವಾರ ಎರಡು ವಾರ ಬಿಟ್ಟು ಬಂದರೆ ಬಂತು. ಓಣಿಯಲ್ಲಿ ಯಾರಾದರೂ "ನಳಾ ಬಂತೂ" ಎಂದು ಕೂಗಿದರೆ ಸಾಕು, ಹಾಡು ಯಾವ ಅಕ್ಷರದಲ್ಲಿತ್ತೋ ಅಲ್ಲಿಗೇ ನಿಂತು ಕೋಣೆ ಖಾಲಿ. ಕುಣಿಯಲ್ಲಿ ಕಾಲು ಬಿಟ್ಟ ಗಿರಿಜಕ್ಕ ಮಾತ್ರ ಏಳಲು ತಡವಾಗಿ, "ನನ್ನ ಕೊಡ ಯಾರರ ಹಚ್ರಿ" ಎಂದು ಒಳಗಿನಿಂದ ಕೂಗುತ್ತಿದ್ದರು.

ಈ ನಳದಿಂದಲೇ ನನ್ನ ಗುಟ್ಟು ರಟ್ಟಾಯಿತು. ಹೊಸ ಜಿಲ್ಲೆಯಲ್ಲಿ ಆಗ ಎಲ್ಲದಕ್ಕೂ ಕಾರ್ಯಕ್ರಮ. ಕಚೇರಿಗೆ ಹೊಸ ಬೋರ್ಡು ಹಾಕಿದರೂ ಸ್ವಾಗತಗೀತೆ ಬೇಕು. ಅಂಥದೊಂದಕ್ಕೆ ನಮ್ಮನ್ನು ಕರೆದರು. ಗಿರಿಜಕ್ಕ ತಾವೇ ಒಂದು ಹಾಡು ಕಟ್ಟಿದರು. ಮೊದಲ ನುಡಿ ಗದಗ ಬೆಟಗೇರಿಗೆ, ಎರಡನೆಯದು ಲಕ್ಷ್ಮೇಶ್ವರಕ್ಕೆ, ಮೂರನೆಯದು ಶಿರಹಟ್ಟಿಗೆ. ಮೊದಲೆರಡು ಕಲಿತೆವು. ಮೂರನೆಯದಕ್ಕೆ ಬಂದಾಗಲೆಲ್ಲ ಏನಾದರೂ ಆಗುತ್ತಿತ್ತು. ಒಮ್ಮೆ ನಳ ಬಂತು. ಒಮ್ಮೆ ನಳ ಬಂತೆಂದು ಯಾರೋ ಸುಳ್ಳೇ ಕೂಗಿದರು. ಒಮ್ಮೆ ಬರಬಹುದೆಂದು ಎಲ್ಲರೂ ಮೊದಲೇ ಎದ್ದರು. ವೇದಿಕೆ ಹತ್ತಿದಾಗ ನಮ್ಮಲ್ಲಿ ಪ್ರತಿಯೊಬ್ಬಳೂ ಮೂರನೆಯ ನುಡಿ ಪಕ್ಕದವಳಿಗೆ ಬರುತ್ತದೆ ಎಂದು ನಂಬಿದ್ದಳು.

ಎರಡು ನುಡಿ ಗಟ್ಟಿಯಾಗಿ ಹೋಯಿತು. ಮೂರನೆಯದಕ್ಕೆ, ಹಾಡನ್ನು ನಮಗೇ ಬಿಟ್ಟು ನುಡಿಸುತ್ತಿದ್ದ ಗಿರಿಜಕ್ಕನ ಹಾರ್ಮೋನಿಯಂ ಒಂದೇ ಮುಂದೆ ಹೋಯಿತು. ಉಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಸಭೆಯಲ್ಲಿ ಮಾನ ಉಳಿಯಲಿ ಎಂದು ಬರೀ ಬಾಯಿ ಆಡಿಸತೊಡಗಿದರು. ಅಭ್ಯಾಸವಿಲ್ಲದ ಬಾಯಿಗಳು ನೋಡಿ, ಒಬ್ಬರದು ತೆರೆದರೆ ಇನ್ನೊಬ್ಬರದು ಮುಚ್ಚುತ್ತಿತ್ತು. ಅಲ್ಲಿ ನೆಮ್ಮದಿಯಾಗಿದ್ದವಳು ನಾನೊಬ್ಬಳೇ. ಗಿರಿಜಕ್ಕ ಬರೆದಿಟ್ಟ ಹಾಳೆ ನೋಡಿ ಮೂರನೆಯ ನುಡಿಯನ್ನೂ ನಾನು ಪೂರ್ತಿ ಬಾಯಿಪಾಠ ಮಾಡಿದ್ದೆ. ಕಣ್ಣು ಅರೆಮುಚ್ಚಿ, ತಲೆ ತೂಗಿ, ಒಂದಕ್ಷರ ಬಿಡದೆ ತುಟಿ ಆಡಿಸಿದೆ. ಗಿರಿಜಕ್ಕ ನನ್ನ ಬಾಯಿ ನೋಡಿ, ಇವಳಿಗೆ ಬರುತ್ತಿದೆ, ಮೈಕು ದೂರವಾಗಿದೆ ಎಂದುಕೊಂಡು ಮೈಕನ್ನೇ ನನ್ನ ಮುಂದೆ ಎಳೆದಿಟ್ಟರು. ಮೈಕಿನಲ್ಲಿ ನನ್ನ ಉಸಿರು ಮಾತ್ರ ಕೇಳಿಸಿತು. ಕೆಳಗೆ ಕೂತಿದ್ದ ಶಿರಹಟ್ಟಿಯ ಗೃಹಸ್ಥರೊಬ್ಬರು ಆಮೇಲೆ ಬಂದು, "ನಮ್ಮೂರ ಪಾಳಿ ಬಂದಾಗ ಕರೆಂಟ್ ಹೋತೇನ್ರಿ?" ಎಂದು ಕೇಳಿದರು.

ಮರುದಿನ ಕೋಣೆಯಲ್ಲಿ ಎಲ್ಲರೂ ನಕ್ಕು ಮುಗಿಸಿದ ಮೇಲೆ ಗಿರಿಜಕ್ಕ ನನ್ನ ಕಡೆ ತಿರುಗಿದರು.

"ಸರೋಜಾ, ಇವರೆಲ್ಲಾ ನಿನ್ನೆ ಒಂದ ನುಡಿ ಸುಮ್ಮನಿದ್ರು. ನೀ ಯಾವಾಗಿಂದ?"

ಹೇಳಿದೆ. ಅಕ್ಕೋರ ಮಾತು, ಪೇರಲಹಣ್ಣು, ಅತ್ತೆ ಓಡಿಬಂದದ್ದು, ಎಲ್ಲ ಹೇಳಿದೆ. ನಗಿಸಬೇಕೆಂದೇ ಹೇಳಿದ್ದು, ಆದರೆ ಯಾರೂ ನಗಲಿಲ್ಲ, ಅದರಿಂದ ನನಗೆ ಮುಜುಗರವಾಯಿತು. ಗಿರಿಜಕ್ಕ ಒಂದು ಸಾಲು ಹಾಡು ಅಂದರು. ಹಾಡಿದೆ. ಜೈಬುನ್ ಬಾಯಿಗೆ ಸೆರಗು ಒತ್ತಿಕೊಂಡು, "ಯವ್ವಾ, ನಮ್ಮ ಮಾವನ ಧ್ವನಿ ಐತಲ್ರಿ ಇದು" ಅಂದಳು. ಗಿರಿಜಕ್ಕ ಹಾರ್ಮೋನಿಯಂ ಮೇಲೆ ಬೆರಳನ್ನು ಎಡಗಡೆಗೆ ಸರಿಸುತ್ತ ಹೋದರು. ಎಡಕ್ಕೆ, ಇನ್ನೂ ಎಡಕ್ಕೆ. "ಇಲ್ಲಿಂದ ಹಾಡು" ಅಂದರು. ಅಲ್ಲಿಂದ ಹಾಡಿದಾಗ ಗಂಟಲು ನೋಯಲಿಲ್ಲ. ಚೆನ್ನಾಗಿತ್ತು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ನೋಯಲಿಲ್ಲ, ಅಷ್ಟೇ.

ನಮ್ಮ ಮೇಳದಲ್ಲಿ ಒಂದು ರೂಢಿ ಇತ್ತು, ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಜೈಬುನ್ನಳ ಅಣ್ಣ ತೀರಿಕೊಂಡ ಹೊಸತರಲ್ಲಿ ಅವಳು ಹಾಡುತ್ತಿದ್ದಂತೆಯೇ ಅಳು ಬಂದುಬಿಟ್ಟಿತು. ಆಗ ಅವಳ ಅಳು ಕೇಳಬಾರದೆಂದು ಅಕ್ಕಪಕ್ಕದವರು ತಾವಾಗಿ ಧ್ವನಿ ಏರಿಸಿದರು. ಅವಳು ಸುಧಾರಿಸಿಕೊಂಡು ಬಂದು ಸೇರಿದಳು. ಅಂದಿನಿಂದ ಅದಕ್ಕೆ ಚಾದರ ಹಾಕುವುದು ಎಂದು ಹೆಸರು ಬಿತ್ತು. ಯಾರಾದರೂ ತಪ್ಪಿದರೆ, ಕೆಮ್ಮಿದರೆ, ಅತ್ತರೆ, ಪಕ್ಕದವರು ಚಾದರ ಹಾಕಬೇಕು. ಯಾರೂ ಕೇಳಬೇಕಾಗಿಲ್ಲ. ನಾನು ಧ್ವನಿ ತೆಗೆಯತೊಡಗಿದ ಮೇಲೆ ಅಲ್ಲಿ ಅತಿ ಹೆಚ್ಚು ಚಾದರ ಹೊದ್ದವಳು ನಾನೇ. ಜೈಬುನ್ ಒಂದು ಕಡೆ, ಜಾಗ ಬದಲಿಸಿ ಬಂದ ಹುಲಿಗೆವ್ವ ಇನ್ನೊಂದು ಕಡೆ, ನಾನು ಬಾಯಿ ತೆರೆಯುವುದೇ ತಡ ಎರಡೂ ಕಡೆಯಿಂದ ಹೊದಿಸುತ್ತಿದ್ದರು. ಒಳಗೆ ಬೆಚ್ಚಗೆ ಹಾಡುತ್ತಿದ್ದೆ. ನನ್ನ ಧ್ವನಿ ನನಗೂ ಕೇಳುತ್ತಿರಲಿಲ್ಲ, ಅದೂ ಒಂದು ಸುಖವೇ.

ಅಷ್ಟರಲ್ಲಿ ಶೈಲಾ ಮುಂಡರಗಿಯಿಂದ ಚೊಚ್ಚಲ ಬಾಣಂತನಕ್ಕೆ ಬಂದಳು. ಒಂದು ಸಂಜೆ ನಾನು ಹಾಡಿಗೆ ಹೋಗಿಬಂದು ಚಪ್ಪಲಿ ಬಿಡುತ್ತಿದ್ದೆ. ಮೆಂತ್ಯೆಪಲ್ಲೆ ಸೋಸುತ್ತ ಕೂತಿದ್ದ ಅವಳು ತಲೆ ಎತ್ತದೆ, "ಅವ್ವಾ, ನೀ ಹಾಡ್ತೀಯಂತ, ಖರೇನ?" ಅಂದಳು. ಜೈಬುನ್ ಬಂದು ಹೇಳಿ ಹೋಗಿದ್ದಳು. ಹೂಂ, ಎಲ್ಲರ ಜೋಡಿ ಒಂದಿಷ್ಟು ಅಂದೆ. ಅವಳು ಒಂದು ದಂಟು ಮುರಿದಳು. ಆಮೇಲೆ, "ಓಣಿ ಮಂದಿ ಕೂಡ ಹಾಡ್ತಿ. ನನಗ ಒಂದ ದಿನಾ ಹಾಡಲಿಲ್ಲಲ್ಲ" ಅಂದಳು.

"ನಿಮ್ಮಜ್ಜಿ ಹಾಡತಿದ್ರಲ್ಲ. ನಂದು ಕೇಳಿದ್ರ ನೀ ಅಂಜತಿದ್ದಿ."

"ಅಜ್ಜಿ ಗುಡಿಗೆ ಹೋದಾಗ ನೀನ ತಮ್ಮನ ತೊಟ್ಟಲಾ ತೂಗತಿದ್ದಿ. ನಾ ಬಾಜೂಕ ಮಲಗಿರತಿದ್ದೆ. ನೀ ಗೋಡಿ ಕಡೆ ನೋಡಕೋತ ಹಗ್ಗ ಜಗ್ಗತಿದ್ದಿ, ಒಂದ ಮಾತಿಲ್ಲ, ಏನಿಲ್ಲ. ನಿನಗ ನಮ್ಮ ಮ್ಯಾಲ ಸಿಟ್ಟು ಅಂತ ತಿಳಕೊಂಡಿದ್ದೆ. ಏನ ತಪ್ಪ ಮಾಡೀನಿ ಅಂತ ನೆನಸ್ಕೋತ ನೆನಸ್ಕೋತ ಮಲಗತಿದ್ದೆ."

ಸಿಟ್ಟು ಇರಲಿಲ್ಲ ಮಗಳೇ, ಧ್ವನಿ ಇರಲಿಲ್ಲ ಅನ್ನಬೇಕಿತ್ತು. ತುಟಿ ಮಾತ್ರ ಅಲ್ಲಾಡಿತು, ಮನೆಯಲ್ಲಿ ಚಾದರ ಹಾಕುವವರು ಯಾರೂ ಇರಲಿಲ್ಲ. ಇಷ್ಟು ವರ್ಷ ನಾನು ನನ್ನ ಧ್ವನಿಯ ಬಗ್ಗೆ ಯೋಚಿಸಿದ್ದೆ, ಅದು ಇಲ್ಲದ ಕಡೆ ಒಂದು ಹುಡುಗಿ ಕಣ್ಣು ತೆರೆದು ಮಲಗಿದ್ದಾಳೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಬಹಳ ದುಃಖವಾಯಿತು.

ಶೈಲಾ ಪಲ್ಲೆಯ ಬುಟ್ಟಿ ಸರಿಸಿ ಎದ್ದಳು. ಅವಳದು ನನ್ನದೇ ಸ್ವಭಾವ, ಅಳುವ ಜಾಗದಲ್ಲಿ ಕರಾರು ಹಾಕುತ್ತಾಳೆ. "ನನ್ನ ಕೂಸಿನ ತೊಟ್ಟಲಾ ಕಾರ್ಯದಾಗ ಮೊದಲ ಜೋಗುಳ ನೀನ ಹಾಡಬೇಕು. ಆಗಂಗಿಲ್ಲಂದ್ರ ಈಗ ಹೇಳಿಬಿಡು, ಟೇಪ್ ಹಚ್ಚೋಣು" ಅಂದಳು.

ಹಾಡುತ್ತೇನೆ ಅಂದೆ. ಅಂದು ಬಿಟ್ಟೆ, ಮರುದಿನವೇ ಮಗ್ಗದ ಕೋಣೆಗೆ ಓಡಿದೆ. ನಮ್ಮ ಮೇಳಕ್ಕೆ ಹೇಳಿದೆ. ಗಿರಿಜಕ್ಕ ನನ್ನ ಗಂಟಲಿಗೆ ಹೊಂದುವಂತೆ ನಾಲ್ಕು ಸಾಲಿನ ಒಂದು ಜೋಗುಳ ಕಟ್ಟಿದರು, ನಾನು ಮರೆಯುತ್ತೇನೆಂದು ನಾಲ್ಕೇ ಸಾಲು.

ಜೋ ಜೋ ಕೂಸವ್ವ, ಮಲಗ ನನ ಕೂಸವ್ವ,
ಒಲಿಯ ಮಗ್ಗಲಕ ಬೆಕ್ಕು ಮಲಗೈತಿ,
ಬೂದಿಯ ಒಳಗ ಕೆಂಡ ಮಲಗೈತಿ,
ನಿನ ಕಣ್ಣಾಗ ಯಾಕ ಎಚ್ಚರ ಕುಂತೈತಿ.

ತೊಟ್ಟಿಲು ಕಾರ್ಯದಲ್ಲಿ ನಮ್ಮ ಕಡೆ ಕೂಸಿಗಿಂತ ಮೊದಲು ರುಬ್ಬುಗುಂಡಿಗೆ ಕುಲಾವಿ ಹಾಕಿ ತೊಟ್ಟಿಲಲ್ಲಿ ಮಲಗಿಸುತ್ತಾರೆ, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಮಗ್ಗದ ಕೋಣೆಯಲ್ಲಿ ನನ್ನ ತಾಲೀಮು ಆ ಗುಂಡಿನ ಮುಂದೆಯೇ ನಡೆಯಿತು. ಹುಲಿಗೆವ್ವ ಗುಂಡನ್ನು ತೊಡೆಯ ಮೇಲಿಟ್ಟುಕೊಂಡು ತಟ್ಟುವಳು, ನಾನು ಹಾಡುವೆ. "ಎದ್ದಿಲ್ರಿ ಅಕ್ಕಾರ, ಘಾಡ ನಿದ್ದಿ ಐತಿ" ಎಂದು ಜೈಬುನ್ ಗುಂಡಿನ ಮೂತಿ ನೋಡಿ ಹೇಳುವಳು. ಕಲ್ಲಾದರೂ ನನ್ನ ಹಾಡಿಗೆ ಅಂಜದೆ ಮಲಗಿತಲ್ಲ ಎಂದು ನನಗೆ ಸ್ವಲ್ಪ ಧೈರ್ಯ ಬಂತು.

ಶೈಲಾಗೆ ಹೆಣ್ಣು ಹುಟ್ಟಿತು. ತೊಟ್ಟಿಲು ಕಾರ್ಯದ ದಿನ ಮುಂಡರಗಿಯಿಂದ ಬೀಗರು ಬಾಡಿಗೆಗೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಬಂದರು. ಬೀಗತಿ ಒಳ್ಳೆಯ ಹೆಂಗಸು, ಆದರೆ ಎಲ್ಲ ಕ್ರಮದಲ್ಲಿ ಆಗಬೇಕು. ತೊಟ್ಟಿಲ ಸುತ್ತ ನಿಲ್ಲುವ ಹೊತ್ತಿಗೆ, "ಮುತ್ತೈದೇರು ಮುಂದ ಬರ್ರಿ" ಎಂದು ಕೈ ಮಾಡಿದರು. ಗಿರಿಜಕ್ಕ ಮೆಲ್ಲಗೆ ಬಾಗಿಲ ಕಡೆ ಸರಿದರು, ರೂಢಿಯಿಂದ ಕಾಲು ತಾನೇ ಸರಿಯಿತು. ಜೈಬುನ್ ಹೋಗಿ ಅವರ ರಟ್ಟೆ ಹಿಡಿದು ತಂದು ನಮ್ಮ ನಡುವೆ ನಿಲ್ಲಿಸಿದಳು. "ನಮ್ಮದು ಒಂದ ಸಾಲ್ರಿ ಬೀಗತ್ಯಾರ, ಒಬ್ಬರು ಸರದ್ರ ಹಾಡು ಸರೀತೈತಿ" ಅಂದಳು. ಬೀಗತಿ ನನ್ನ ಮುಖ ನೋಡಿದರು. ಹೌದ್ರಿ, ಹಂಗ ಐತಿ ಅಂದೆ. ಅವರು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಜಾಗ ಕೊಟ್ಟರು.

ಗುಂಡು ತೊಟ್ಟಿಲಿಗೆ ಹೋಗಿಬಂತು. ಕೂಸು ತೊಟ್ಟಿಲಿಗೆ ಬಂತು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿದಳು, ಹೇಳುತ್ತಿದ್ದಂತೆ ಎಲ್ಲರೂ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, ಹುಲಿಗೆವ್ವನ ಗುದ್ದಿಗೆ ಆಕೆ ಕೆಮ್ಮಿದಳು. ಆಮೇಲೆ ನನ್ನ ಪಾಳಿ ಬಂತು. ಶೈಲಾ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ಕೂಸು ಹುಟ್ಟಿದಾಗಿನಿಂದ ಅವಳು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ, ಮುಖ ಬಾಡಿತ್ತು. ಕಿವಿಗೆ ಕಟ್ಟಿದ ಅರಿವೆಯನ್ನು ಒಂದು ಕಡೆ ಸಡಿಲ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಹಗ್ಗ ಹಿಡಿದೆ. ಜೋ ಜೋ ಎಂದು ಶುರುಮಾಡಿದೆ. ಎರಡನೆಯ ಜೋದಲ್ಲಿ ಧ್ವನಿ ಒಡೆಯಿತು. ಒಡೆದದ್ದೇ ತಡ, ನೋಡಿ ನಮ್ಮವರ ಪ್ರೀತಿ, ಸಾಲಿಗೆ ಸಾಲೇ ಚಾದರ ಹಾಕಿತು. ಜೈಬುನ್, ಹುಲಿಗೆವ್ವ, ಡಾಕ್ಟರರ ಹೆಂಡತಿ, ಬಾಗಿಲ ಕಡೆ ಹೋಗಬೇಕಿದ್ದ ಗಿರಿಜಕ್ಕ, ಎಲ್ಲರೂ ಗಟ್ಟಿಯಾಗಿ ಆ ನಾಲ್ಕು ಸಾಲು ಎತ್ತಿಕೊಂಡರು. ಗುಂಡಿನ ಮುಂದೆ ನನ್ನ ಜೊತೆ ಅವರಿಗೂ ಬಾಯಿಪಾಠವಾಗಿತ್ತು. ಮನೆ ತುಂಬಿತು. ಬೀಗರೆಲ್ಲ ತಲೆದೂಗಿದರು. ನಾನು ಒಳಗೆ ಬೆಚ್ಚಗಾದೆ. ಪಾರಾದೆ ಅನ್ನಿಸಿತು.

"ಎಲ್ಲಾರೂ ಒಂದ ಸ್ವಲ್ಪ ಸುಮ್ಮನಿರ್ರಿ" ಎಂದಳು ಶೈಲಾ.

ಒಬ್ಬೊಬ್ಬರಾಗಿ ನಿಂತರು. ಹುಲಿಗೆವ್ವ ಕೊನೆಗೆ ನಿಂತಳು.

"ಸಿಟ್ಟಾಗಬ್ಯಾಡ್ರಿ. ನೀವು ಚಂದ ಹಾಡತೀರಿ. ನನಗ ನಮ್ಮವ್ವನ ಧ್ವನಿ ಕೇಳಸವಲ್ದು" ಅಂದಳು.

ಗಿರಿಜಕ್ಕ ನನ್ನ ಕಡೆ ನೋಡಿ ಅಂಗೈಯನ್ನು ಮೆಲ್ಲಗೆ ಕೆಳಗೆ ಇಳಿಸಿ ತೋರಿಸಿದರು, ಎಡಗಡೆಗೆ, ಕೆಳಗೆ. ನಾನು ಅಪ್ಪನ ಗಂಟಲಿನಿಂದ ಹಾಡಿದೆ. ನನ್ನ ಧ್ವನಿ ಆ ಕೋಣೆಯ ಮೂಲೆಮೂಲೆಗೂ ಹೋಗುವುದು ನನಗೇ ಕೇಳಿಸಿತು. ದಪ್ಪಗೆ, ಒರಟಾಗಿ, ಒಂದು ಕಡೆ ಜಾರಿ, ಆದರೂ ಹೋಗುತ್ತಿತ್ತು. ಕೂಸು ಬೆಚ್ಚಲಿಲ್ಲ. ಕಣ್ಣು ಅಗಲ ತೆರೆದು, ಯಾರಪ್ಪ ಇವರು ಎಂಬಂತೆ ನನ್ನನ್ನು ನೋಡುತ್ತ ಕಾಲು ಝಾಡಿಸುತ್ತಿತ್ತು. ನಾಲ್ಕು ಸಾಲು ಮುಗಿಯಿತು. ಮತ್ತೆ ಹಾಡಿದೆ, ಮತ್ತೆ ಮುಗಿಯಿತು. ಮೂರನೆಯ ಸಲಕ್ಕೆ ಶೈಲಾನ ಕಡೆ ನೋಡಿದೆ.

ಅವಳು ಮಲಗಿದ್ದಳು. ಗೋಡೆಗೆ ಒರಗಿದ್ದ ತಲೆ ಭುಜದ ಮೇಲೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣವಳಿದ್ದಾಗ ತೆರೆಯುತ್ತಿದ್ದ ಹಾಗೆ. ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು.

ಹಗ್ಗ ಬಿಡಬೇಕೆಂದುಕೊಂಡೆ. ಜೈಬುನ್ ನನ್ನ ಕಿವಿಯ ಹತ್ತಿರ ಬಂದು, "ನಿಲ್ಲಸಬ್ಯಾಡ್ರಿ ಅಕ್ಕಾರ, ಈಗ ಕಣ್ಣು ಹತ್ತೇತಿ" ಅಂದಳು. ನಾಲ್ಕು ಸಾಲನ್ನು ಎಷ್ಟು ಸಲ ಹಾಡುವುದು, ನನಗೇ ಬೇಸರವಾಗತೊಡಗಿತ್ತು. ಬಾಯಿಗೆ ಬಂದದ್ದನ್ನು ಹಾಡಿದೆ. ಮುಂಡರಗಿಯಿಂದ ಬಸ್ಸು ಬಿಟ್ಟಿತು ಜೋ ಜೋ, ಕಂಡಕ್ಟರ ಸೀಟಿ ಊದಿದ ಜೋ ಜೋ, ಖಿಡಕಿ ಬಾಜೂಕ ನನ ಮಗಳು ಕುಂತಾಳ ಜೋ ಜೋ, ಡಂಬಳದ ಕೆರಿ ಹಿಂದಕ ಬಿತ್ತು ಜೋ ಜೋ. ಹೊರಗೆ ಗುಗ್ಗರಿಗೆ ಕಾಯುತ್ತ ಕೂತಿದ್ದ ಗಂಡಸರ ಮಾತೂ ನಿಂತಿತು. ಡಂಬಳ ದಾಟಿದರೆ ಗದಗ ಬಹಳ ದೂರವಿಲ್ಲ. ನಾನು ಬಸ್ಸನ್ನು ಹೊಂಬಳಕ್ಕೆ ಒಯ್ದೆ.

ಬೀಗತಿ ಮೆಲ್ಲಗೆ ನನ್ನ ಹತ್ತಿರ ಸರಿದು, "ಬೀಗತ್ಯಾರ, ಆ ಹಾದ್ಯಾಗ ಹೊಂಬಳ ಬರಂಗಿಲ್ಲಲ್ರಿ" ಎಂದು ಪಿಸುಗುಟ್ಟಿದರು.

ಗೊತ್ತಿತ್ತು. ಆದರೆ ಬಸ್ಸು ಗದಗ ಮುಟ್ಟಿದರೆ ಹಾಡು ಮುಗಿಯುತ್ತದೆ, ಹಾಡು ಮುಗಿದರೆ ಅವಳಿಗೆ ಎಚ್ಚರವಾಗುತ್ತದೆ. ಬೀಗತಿಗೆ ತಲೆಯಾಡಿಸಿ, ಬಸ್ಸನ್ನು ಮತ್ತೂ ಸುತ್ತುಹಾದಿಯ ಮುಳಗುಂದದ ಕಡೆಗೆ ತಿರುಗಿಸಿದೆ.